ಪತ್ತನಾಜೆ ಕಳೆದ ಮೇಲೆ ಮನೆಗೆ ಬಂದ ನಾಯಿಮರಿ

ಮೇ ಕೊನೆಯ ವಾರ ತುಳುನಾಡಿನಲ್ಲಿ ಪತ್ತನಾಜೆಯ ದಿನ. ಅಲ್ಲಿಗೆ ದೈವಗಳ ಕೋಲ, ನೇಮ, ಜಾತ್ರೆಗಳ ಕಾಲ ಮುಗಿಯುತ್ತದೆ. ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿ ಗೆಜ್ಜೆ ಬಿಚ್ಚುತ್ತವೆ. ಇನ್ನು ಹತ್ತು ಹದಿನೈದು ದಿನದಲ್ಲಿ ಮಳೆ ಹಿಡಿಯುತ್ತದೆ. ಮಕ್ಕಳ ರಜೆ ಮುಗಿಯುವ ಮೊದಲೇ ತಂದುಬಿಡೋಣ ಎಂದು ಮಂಗಳೂರು, ಉಡುಪಿ ಕಡೆ ನಾಯಿಮರಿ ತರುವ ಮನೆಗಳು ಈ ಹೊತ್ತಿನಲ್ಲಿ ಕಡಿಮೆಯಿಲ್ಲ. ಎಂಟು ವಾರದ ಮರಿ ಪತ್ತನಾಜೆಯ ದಿನ ಮನೆ ಹೊಕ್ಕಿತು ಎಂದುಕೊಳ್ಳಿ. ಅದಕ್ಕೆ 14 ವಾರ ತುಂಬುವುದು ಜುಲೈ ಮೊದಲ ವಾರಕ್ಕೆ, ಜುಲೈ ನಡುವಿಗೆ ಬರುವ ತುಳುವರ ಆಟಿ ತಿಂಗಳು ಕಾಲಿಡುವುದಕ್ಕೂ ಮೊದಲು. ನಡುವಿನ ಆರು ವಾರ ಗೇಟು ಮುಚ್ಚಿರುತ್ತದೆ, ಅಂಗಳ ಪಾಚಿ ಕಟ್ಟಿರುತ್ತದೆ, ನೆಂಟರು ಬರುವುದು ಅಪರೂಪ. ಮರಿ ಕಾಣುವುದು ಮನೆಯ ನಾಲ್ಕು ಮುಖ, ಕೇಳುವುದು ಹಂಚಿನ ಮೇಲೆ ಬೀಳುವ ಮಳೆಯ ಸದ್ದು.

ಆಮೇಲೆ ಕೃಷ್ಣಾಷ್ಟಮಿ ಬರುತ್ತದೆ. ತಾಸೆ ಬಡಿಯುತ್ತ, ಮೈಗೆಲ್ಲ ಬಣ್ಣ ಬಳಿದುಕೊಂಡ ಹುಲಿವೇಷ ಅಂಗಳಕ್ಕೇ ಬರುತ್ತದೆ. ಐದಾರು ತಿಂಗಳ ನಾಯಿ ಮಂಚದಡಿ ನುಗ್ಗಿ ನಡುಗುತ್ತದೆ, ಇಲ್ಲವೇ ಚೈನು ಕಿತ್ತುಕೊಳ್ಳುವ ಹಾಗೆ ಹಾರುತ್ತದೆ. ‘ಇದರ ಗುಣವೇ ಹಾಗೆ’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಹುಟ್ಟುಗುಣದ ಪಾಲು ಇಲ್ಲವೆಂದಲ್ಲ. ಆದರೆ ಹೆಚ್ಚಿನ ಸಲ ಆಗಿರುವುದು ಇಷ್ಟೇ: ನೋಡಬೇಕಾದ ಆರು ವಾರದಲ್ಲಿ ಆ ಮರಿ ಏನನ್ನೂ ನೋಡಲಿಲ್ಲ. ನಮ್ಮ ಕರಾವಳಿಯಲ್ಲಿ ಮರಿಯನ್ನು ಜನರಿಗೆ, ಬೇರೆ ನಾಯಿಗಳಿಗೆ ರೂಢಿ ಮಾಡಿಸುವ ಕೆಲಸವನ್ನು ಮಳೆ ಬಿಟ್ಟ ಮೇಲೆ ನೋಡೋಣ ಎಂದು ಮುಂದೂಡಲು ಬರುವುದಿಲ್ಲ. ಅದನ್ನು ಮಳೆಯೊಳಗೇ, ಜಗಲಿಯಲ್ಲೇ ಮಾಡಬೇಕು.

ಮರಿಯ ಕಣ್ಣು ಎರಡನೇ ವಾರದ ಹೊತ್ತಿಗೆ ತೆರೆಯುತ್ತದೆ, ಕಿವಿ ಮೂರನೇ ವಾರದ ಹೊತ್ತಿಗೆ. ಅಲ್ಲಿಂದ ಸುಮಾರು 12ರಿಂದ 14 ವಾರದವರೆಗೆ ಅದು ತನ್ನ ಲೋಕದಲ್ಲಿ ಏನೇನು ಇರಬಹುದು ಎಂಬ ಪಟ್ಟಿ ಬರೆದುಕೊಳ್ಳುತ್ತಿರುತ್ತದೆ. ಪಟ್ಟಿಯಲ್ಲಿ ಇದ್ದದ್ದು ಸಹಜ, ಇಲ್ಲದ್ದರ ಮೇಲೆಲ್ಲ ಅನುಮಾನ. 1961ರಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬ ಅಮೆರಿಕದ ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಸಂಪರ್ಕವಿಲ್ಲದೆ ಮರಿಗಳನ್ನು ಬೆಳೆಸಿ, ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಜನರೊಡನೆ ಇರಿಸಿದರು. 5ರಿಂದ 9 ವಾರದ ನಡುವೆ ಜನರನ್ನು ಕಂಡ ಮರಿಗಳು ಸಲೀಸಾಗಿ ಹೊಂದಿಕೊಂಡವು. 14 ವಾರದವರೆಗೆ ಮನುಷ್ಯರನ್ನೇ ಕಾಣದವು ಕಾಡುಪ್ರಾಣಿಗಳಂತೆ ದೂರ ಓಡಿದವು. ನಮ್ಮ ಮನೆಗಳ ಮರಿಗಳು ಅಷ್ಟು ಒಂಟಿಯಲ್ಲ, ನಿಜ. ಆದರೆ ಮನೆಯವರನ್ನು ಮಾತ್ರ ಕಂಡ ಮರಿಗೆ ಮನೆಯವರಷ್ಟೇ ಮನುಷ್ಯರು.

ಮೊದಲ ಪಾಠ ತಾಯಿಯದ್ದು, ಒಡಹುಟ್ಟಿದ ಮರಿಗಳದ್ದು. ಆಟದಲ್ಲಿ ಜೋರಾಗಿ ಕಚ್ಚಿದರೆ ಎದುರಿನ ಮರಿ ಕಿರುಚಿ ಆಟ ನಿಲ್ಲಿಸುತ್ತದೆ. ಹಲ್ಲನ್ನು ಎಷ್ಟು ಒತ್ತಬಹುದು ಎಂಬ ಲೆಕ್ಕ ಅಲ್ಲೇ ಸಿಗುವುದು. ‘ನಲವತ್ತು ದಿನದ ಮರಿ, ಇವತ್ತೇ ತೆಗೆದುಕೊಂಡು ಹೋಗಿ’ ಎನ್ನುವವರಿಂದ ಕೊಳ್ಳಬೇಡಿ. ಎಂಟು ವಾರ ತುಂಬದ ಮರಿಯ ಮಾರಾಟವನ್ನು 2017ರ ಕೇಂದ್ರದ ನಿಯಮಗಳೇ ನಿಷೇಧಿಸಿವೆ. ಮರಿ ಎಲ್ಲಿ ಬೆಳೆಯುತ್ತಿದೆ ಎಂಬುದನ್ನೂ ಹೋಗಿ ನೋಡಿ. ಹಟ್ಟಿಯ ಹಿಂದಿನ ಗೂಡಿನಲ್ಲಿ ಬೆಳೆದ ಮರಿಗಿಂತ ಅಡುಗೆಮನೆಯ ಬಾಗಿಲಲ್ಲಿ ಮಿಕ್ಸಿಯ ಸದ್ದು ಕೇಳುತ್ತ ಬೆಳೆದ ಮರಿ ಎಷ್ಟೋ ಮುಂದಿರುತ್ತದೆ.

ಇನ್ನು ಲಸಿಕೆ. ‘ಎಲ್ಲ ಇಂಜೆಕ್ಷನ್ ಮುಗಿಯುವವರೆಗೆ ಹೊರಗೆ ಬಿಡಬೇಡಿ’ ಎಂಬ ಮಾತು ಕೇಳಿಯೇ ಇರುತ್ತೀರಿ. ಅದರ ಹಿಂದಿನ ಭಯ ಸುಳ್ಳಲ್ಲ. ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಡಿಸ್ಟೆಂಪರ್ ಎಂಬ ಇನ್ನೊಂದು ವೈರಸ್ ರೋಗ ಗಾಳಿಯಲ್ಲೂ ಹರಡುತ್ತದೆ. ಮಳೆಗಾಲದ ನಮ್ಮ ಹೊಂಡಗಳಲ್ಲಿ ಇಲಿಜ್ವರದ ರೋಗಾಣು ಲೆಪ್ಟೊಸ್ಪೈರಾ ಇರಬಹುದು, ಅದು ನಾಯಿಯಿಂದ ಮನೆಯವರಿಗೂ ಬರಬಲ್ಲದು. ಮೊದಲ ಲಸಿಕೆ 6ರಿಂದ 8 ವಾರದಲ್ಲಿ, ಅಲ್ಲಿಂದ 2ರಿಂದ 4 ವಾರಕ್ಕೊಮ್ಮೆ ಮುಂದಿನದು, ಕೊನೆಯದು 16 ವಾರದ ಹೊತ್ತಿಗೆ. ತಾಯಿಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವವರೆಗೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೇ ಇಷ್ಟು ಸಲ. ಆದರೆ ಆ 16 ವಾರ ಮುಗಿಯುವಾಗ ಕಲಿಕೆಯ ಬಾಗಿಲು ಮುಚ್ಚಿಯಾಗಿರುತ್ತದೆ. ಅಮೆರಿಕದ ಪಶುವರ್ತನೆ ವೈದ್ಯರ ಸಂಘ 2008ರಲ್ಲೇ ಈ ಇಕ್ಕಟ್ಟಿಗೆ ದಾರಿ ಹೇಳಿತ್ತು: 7–8 ವಾರದ ಮರಿಯನ್ನು, ಮೊದಲ ಲಸಿಕೆಯಾಗಿ ಕನಿಷ್ಠ 7 ದಿನ ಕಳೆದಿದ್ದರೆ ಮತ್ತು ಜಂತುಹುಳದ ಮದ್ದು ಆಗಿದ್ದರೆ, ಶುಚಿಯಾದ ಜಾಗದಲ್ಲಿ ಬೇರೆ ಮರಿಗಳೊಡನೆ ಬೆರೆಸಬಹುದು.

ನಮ್ಮ ಊರಿಗೆ ಅದನ್ನು ಹೀಗೆ ಒಗ್ಗಿಸಿಕೊಳ್ಳಬೇಕು. ಮರಿಯನ್ನು ಹೊರಗೆ ಒಯ್ಯಿರಿ, ಆದರೆ ನೆಲಕ್ಕೆ ಬಿಡಬೇಡಿ. ಬೀದಿಬದಿಯ ಹುಲ್ಲು, ಮಾರುಕಟ್ಟೆಯ ನೆಲ, ನೀರು ನಿಂತ ಜಾಗ, ಬೇರೆ ನಾಯಿಗಳು ಮೂತ್ರ ಮಾಡುವ ಕಂಬದ ಬುಡ ಯಾವುದೂ ಬೇಡ. ತೋಳಿನಲ್ಲಿ, ಬೆತ್ತದ ಬುಟ್ಟಿಯಲ್ಲಿ, ಅಗಲ ಬಟ್ಟೆಯ ಜೋಳಿಗೆಯಲ್ಲಿ ಅಥವಾ ನಿಲ್ಲಿಸಿದ ಕಾರಿನ ಸೀಟಿನಲ್ಲಿ ಇರಲಿ. ಸ್ವಂತ ಜಗಲಿ, ಲಸಿಕೆ ಹಾಕಿಸಿದ ನಾಯಿ ಇರುವ ಗೆಳೆಯರ ಚಾವಡಿ, ಇವೆರಡೇ ಅದು ಕಾಲಿಡುವ ಜಾಗ. ರೇಬಿಸ್ ಲಸಿಕೆ ಸಿಗುವುದೇ ಮೂರು ತಿಂಗಳಿಗೆ. ಅದರೊಳಗೆ ಗೊತ್ತಿಲ್ಲದ ನಾಯಿ ಮೂಸಲೂ ಕೂಡದು. ಇಲಿಜ್ವರದ ಲಸಿಕೆ ಎರಡು ಡೋಸ್, ಆಮೇಲೆ ಪ್ರತಿ ವರ್ಷ. ಈ ಜಿಲ್ಲೆಗಳಲ್ಲಿ ಅದನ್ನು ಬಿಡುವ ಮಾತೇ ಇಲ್ಲ.

ಜಗಲಿಯ ಪಾಠ

ಮರಿ ಬಂದ ಮೊದಲ ಎರಡು ಮೂರು ದಿನ ಸುಮ್ಮನೆ ಬಿಡಿ. ಅದು ದಿನಕ್ಕೆ 18–20 ಗಂಟೆ ಮಲಗುತ್ತದೆ, ಮಲಗಲಿ. ನಾಲ್ಕನೇ ದಿನದಿಂದ ದಿನಕ್ಕೆ ಎರಡು ಅಥವಾ ಮೂರು ಸಲ, ಒಂದೊಂದು ಸಲಕ್ಕೆ ಐದು ನಿಮಿಷ, ಒಂದು ಸಲಕ್ಕೆ ಒಂದೇ ಹೊಸ ಸಂಗತಿ.

ಇಲ್ಲಿಯ ಮರಿ ಮೊದಲು ಕಲಿಯಬೇಕಾದದ್ದು ಕೊಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೇಟಿನೊಳಗೆ ಬರುವ ಪ್ರತಿಯೊಬ್ಬರ ಕೈಯಲ್ಲೂ ಅದಿರುತ್ತದೆ. ಬಟನ್ ಒತ್ತಿದರೆ ‘ಠಪ್’ ಎಂದು ಬಿಚ್ಚಿಕೊಳ್ಳುವ ಕೊಡೆ ಮರಿಯ ಕಣ್ಣಿಗೆ ಮನುಷ್ಯ ಹಠಾತ್ತನೆ ನಾಲ್ಕು ಪಟ್ಟು ದೊಡ್ಡವನಾದಂತೆ. ಮೊದಲ ದಿನ ಮಡಚಿದ ಕೊಡೆಯನ್ನು ನೆಲದಲ್ಲಿಟ್ಟು ಸುತ್ತ ನಾಲ್ಕೈದು ತಿಂಡಿ ತುಣುಕು ಹಾಕಿ. ಮರುದಿನ ಅರ್ಧ ಬಿಚ್ಚಿ ಇಡಿ. ಮೂರನೇ ದಿನ ಪೂರ್ತಿ ಬಿಚ್ಚಿ ಮಗ್ಗುಲಿಗೆ ಇಡಿ, ಅದರಡಿಯಿಂದಲೇ ಮರಿ ತಿಂಡಿ ಹೆಕ್ಕಲಿ. ಇಷ್ಟಾದ ಮೇಲೆ ಮನೆಯವರೊಬ್ಬರು ಹತ್ತು ಅಡಿ ದೂರದಲ್ಲಿ ನಿಧಾನ ಬಿಚ್ಚಬೇಕು, ಬಿಚ್ಚಿದ ಕೂಡಲೇ ಮರಿಗೆ ತುಣುಕು. ಕೊನೆಗೆ ಕೊಡೆ ಹಿಡಿದು ಗೇಟಿನಿಂದ ನಡೆದು ಬರುವುದು. ಐದಾರು ದಿನದ ಕೆಲಸ. ರೈನ್‌ಕೋಟ್ ತೊಟ್ಟು ಮುಖ ಮುಚ್ಚಿಕೊಂಡವರಿಗೂ, ಹೆಲ್ಮೆಟ್ ಹಾಕಿದವರಿಗೂ ಇದೇ ಕ್ರಮ: ಮೊದಲು ವಸ್ತು ನೆಲದಲ್ಲಿ, ಆಮೇಲೆ ಮನೆಯವರ ಮೈಮೇಲೆ, ಆಮೇಲೆ ಹೊರಗಿನವರ ಮೈಮೇಲೆ.

ಇಲ್ಲೊಂದು ಸೂಕ್ಷ್ಮ ಇದೆ, ತಪ್ಪುವವರು ಬಹಳ. ಮೊದಲು ವಸ್ತು ಕಾಣಬೇಕು, ತಿಂಡಿ ಅದರ ಹಿಂದೆ, ಒಂದು ಸೆಕೆಂಡಿನೊಳಗೆ ಬರಬೇಕು. ವಸ್ತು ಮರೆಯಾದರೆ ತಿಂಡಿಯೂ ನಿಲ್ಲಬೇಕು. ತಿಂಡಿ ಮೊದಲು ತೋರಿಸಿ ಆಮೇಲೆ ಕೊಡೆ ಬಿಚ್ಚಿದರೆ ಮರಿ ತಿಂಡಿಯನ್ನೇ ಅನುಮಾನಿಸಲು ಕಲಿಯುತ್ತದೆ. ‘ಇವರು ತಿಂಡಿ ಹಿಡಿದುಕೊಂಡರೆ ಏನೋ ಆಗಲಿದೆ’ ಎಂಬ ಲೆಕ್ಕ ಅದರ ತಲೆಯಲ್ಲಿ ಕೂತುಬಿಡುತ್ತದೆ.

ತುಣುಕು ಎಂದರೆ ಬಟಾಣಿ ಕಾಳಿನಷ್ಟು, ಹೆಚ್ಚಲ್ಲ. ಉಪ್ಪು, ಖಾರ ಹಾಕದೆ ಬೇಯಿಸಿದ ಕೋಳಿ ಒಳ್ಳೆಯದು. ಬೇಯಿಸಿದ ಬಂಗುಡೆಯೂ ಆಗುತ್ತದೆ, ಮುಳ್ಳನ್ನು ಬೆರಳಲ್ಲಿ ತಡವಿ ಪೂರ್ತಿ ತೆಗೆಯಬೇಕು. ಒಣಮೀನು ಬೇಡ, ಉಪ್ಪು ವಿಪರೀತ. ದ್ರಾಕ್ಷಿ, ಚಾಕೊಲೇಟ್, ನೀರುಳ್ಳಿ ಯಾವ ರೂಪದಲ್ಲೂ ಕೂಡದು. ದಿನದ ಒಟ್ಟು ಆಹಾರದಲ್ಲಿ ಇಂಥ ತುಣುಕು ಹತ್ತನೇ ಒಂದು ಪಾಲು ಮೀರಿದರೆ ಹೊಟ್ಟೆ ಕೆಡುತ್ತದೆ. ಹೊಟ್ಟೆಬಾಕ ಮರಿಯಾದರೆ ಅದರ ಊಟದ ಕಾಳನ್ನೇ ಬಳಸಿದರಾಯಿತು.

ಮರಿಗೆ ಸಾಕಾಯಿತೆಂದು ತಿಳಿಯುವುದು ಹೇಗೆ? ಬೊಗಳುವುದು, ಗುರ್ರೆನ್ನುವುದು ಕೊನೆಯ ಹಂತ. ಅದಕ್ಕೆ ಬಹಳ ಮೊದಲೇ ಹೇಳಿರುತ್ತದೆ. ತಿಂಡಿ ಎದುರಿಗಿಲ್ಲದಿದ್ದರೂ ತುಟಿ ನೆಕ್ಕುವುದು, ನಿದ್ದೆ ಇಲ್ಲದ ಆಕಳಿಕೆ, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆನೋಟ, ಒಂದು ಮುಂಗಾಲು ಎತ್ತಿ ನಿಲ್ಲುವುದು, ಕಿವಿ ಹಿಂದಕ್ಕೆ, ಬಾಲ ಕಾಲಸಂದಿಗೆ. ಎಲ್ಲಕ್ಕಿಂತ ಗಂಭೀರ ಎಂದರೆ ಕಲ್ಲಿನಂತೆ ಅಲುಗದೆ ನಿಂತುಬಿಡುವುದು. ‘ಪಾಪದ್ದು, ಎಷ್ಟು ಸುಮ್ಮನಿದೆ ನೋಡಿ’ ಎಂದು ಜನ ಮೆಚ್ಚುವುದು ಆ ಹೊತ್ತಿನಲ್ಲೇ. ತಿಂಡಿ ಮೂಗಿನ ಹತ್ತಿರ ಹಿಡಿದರೂ ತೆಗೆದುಕೊಳ್ಳದಿದ್ದರೆ ನೀವು ತೀರಾ ಹತ್ತಿರ ಬಂದಿದ್ದೀರಿ. ದೂರ ಇಮ್ಮಡಿ ಮಾಡಿ, ಇಲ್ಲವೇ ಆವತ್ತಿಗೆ ನಿಲ್ಲಿಸಿ.

ಮುಟ್ಟುವುದಕ್ಕೂ ರೂಢಿ ಬೇಕು. ಪಾದ, ಉಗುರು, ಕಿವಿಯ ಒಳಗು, ಬಾಯಿ, ಬಾಲದ ಬುಡ ಒಂದೊಂದನ್ನೂ ಎರಡು ಮೂರು ಸೆಕೆಂಡು ಹಿಡಿದು ಬಿಡಿ, ತುಣುಕು ಕೊಡಿ. ಇಲ್ಲಿಯ ಸೆಕೆಗೆ ಕಿವಿಯಲ್ಲಿ ತೇವ ನಿಲ್ಲುತ್ತದೆ, ಬೆರಳಸಂದಿಯಲ್ಲಿ ಉಣ್ಣಿ ಕೂರುತ್ತದೆ. ವರ್ಷವಿಡೀ ನೋಡಬೇಕಾದ ಜಾಗಗಳಿವು. ಪಶುವೈದ್ಯರ ಬಳಿಗೂ ಲಸಿಕೆ ಇಲ್ಲದ ದಿನ ಒಂದೆರಡು ಸಲ ಹೋಗಿ ತೂಕ ನೋಡಿಸಿ, ತಿಂಡಿ ತಿನ್ನಿಸಿ ಬನ್ನಿ.

ಜನರ ಪರಿಚಯ ಮಾಡಿಸುವಾಗ ಬರುವವರಿಗೂ ಪಾಠ ಬೇಕು. ಎದುರಿಗೆ ಬಾಗಿ ತಲೆ ಸವರಬಾರದು. ಪಕ್ಕಕ್ಕೆ ತಿರುಗಿ ಜಗಲಿಯ ಮೆಟ್ಟಿಲಲ್ಲಿ ಕೂರಲಿ, ಮರಿ ತಾನಾಗಿ ಬರಲಿ. ಬಂದರೆ ಗಲ್ಲದಡಿ, ಎದೆಯ ಮೇಲೆ ಮೂರು ಸೆಕೆಂಡು ತುರಿಸಿ ಕೈ ತೆಗೆಯಬೇಕು. ಮತ್ತೆ ಒತ್ತಿಕೊಂಡು ಬಂದರೆ ಮುಂದುವರಿಸಬಹುದು, ದೂರ ಸರಿದರೆ ಅಲ್ಲಿಗೆ ಸಾಕು. ಕರೆತನ್ನಿ ಎಂದು ಎತ್ತಿ ಮಡಿಲಿಗೆ ಹಾಕುವುದು ಬೇಡ. ಮಕ್ಕಳು ಕೂತೇ ಇರಬೇಕು, ಅಪ್ಪಿಕೊಳ್ಳಕೂಡದು, ತಿಂಡಿಯನ್ನು ಅಂಗೈಯಲ್ಲಿಟ್ಟು ಕೊಡಬೇಕು. ಮುಂಡು ಎತ್ತಿ ಕಟ್ಟಿದವರು, ಗಡ್ಡದವರು, ಬುರ್ಖಾ ತೊಟ್ಟವರು, ಊರುಗೋಲಿನ ಅಜ್ಜ, ತಲೆಯ ಮೇಲೆ ಬುಟ್ಟಿ ಹೊತ್ತವರು, ಭುಜದ ಮೇಲೆ ಗ್ಯಾಸ್ ಸಿಲಿಂಡರ್ ಇಟ್ಟವರು, ತೆಂಗಿನಕಾಯಿ ಕೀಳುವವರು, ಹುಲ್ಲು ಕೊಚ್ಚುವ ಯಂತ್ರ ಹೊತ್ತವರು, ಹಾರ್ನ್ ಬಾರಿಸುತ್ತ ಬರುವ ಮೀನಿನ ಸ್ಕೂಟರ್, ಮೆಸ್ಕಾಂ ಮೀಟರ್ ನೋಡಲು ಬರುವವರು, ಎಲ್ಲರೂ ಆ ಆರು ವಾರದಲ್ಲಿ ಒಮ್ಮೆಯಾದರೂ ಕಾಣಸಿಗಲಿ. ಇವರೆಲ್ಲ ಮರಿಯನ್ನು ಮುಟ್ಟಬೇಕೆಂದಿಲ್ಲ. ಜಗಲಿಯಿಂದ ನೋಡಿ, ಮೂಸಿ, ತುಣುಕು ತಿಂದು, ‘ಓ, ಇಂಥವರೂ ಇರುತ್ತಾರೆ’ ಎಂದು ಅದಕ್ಕೆ ಅನ್ನಿಸಿದರೆ ಕೆಲಸ ಮುಗಿಯಿತು.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ರೂಢಿ ಮಾಡಿಸುವುದೆಂದರೆ ಎಲ್ಲರ ಮೇಲೂ ಹಾರುವ ನಾಯಿಯನ್ನು ಮಾಡುವುದಲ್ಲ. ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರ ಹತ್ತಿರವೂ ಮರಿಯನ್ನು ಬಿಟ್ಟರೆ, ವರ್ಷ ತುಂಬುವಾಗ 30 ಕೆಜಿಯ ಲ್ಯಾಬ್ರಡಾರ್ ಕಂಡಕಂಡವರ ಕಡೆಗೆ ಎಳೆದುಕೊಂಡು ಹೋಗುತ್ತದೆ, ಬಿಡದಿದ್ದರೆ ಸಿಟ್ಟಿನಿಂದ ಬೊಗಳುತ್ತದೆ. ಹತ್ತು ಜನರನ್ನು ಕಂಡರೆ ಇಬ್ಬರ ಹತ್ತಿರ ಹೋಗಲಿ, ಎಂಟು ಜನರನ್ನು ನೋಡಿ ಸುಮ್ಮನೆ ದಾಟಲಿ. ತಳಿಯ ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ. ಮುಧೋಳ ನಾಯಿಗೆ ಅಪರಿಚಿತರು ಮುಟ್ಟುವುದು ಹಿಡಿಸುವುದು ಕಡಿಮೆ. ಅದು ದೂರದಲ್ಲಿ ಶಾಂತವಾಗಿ ನಿಂತರೆ ಅದೇ ಗೆಲುವು.

ಮಳೆ ಬಿಟ್ಟ ಅರ್ಧ ಗಂಟೆ ಸಿಕ್ಕರೆ ಎತ್ತಿಕೊಂಡು ಹೊರಡಿ. ಮಂಗಳೂರಿನ ಉರ್ವ ಮಾರುಕಟ್ಟೆಯ ಆಚೆ ಬದಿ, ಉಡುಪಿ ರಥಬೀದಿಯ ಮುಂಜಾವು, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಬಸ್ಸುಗಳಿಂದ ಐವತ್ತು ಮೀಟರ್ ದೂರದಲ್ಲಿ ಕಿಟಕಿ ಅರ್ಧ ಇಳಿಸಿದ ಕಾರು, ಇಂಥ ಜಾಗಗಳಲ್ಲಿ ಹತ್ತು ನಿಮಿಷ ಸಾಕು. ಮಲ್ಪೆ ಬಂದರಿಗೆ ಒಯ್ಯಲು ಹೊಸ ಮರಿಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತಿರುತ್ತದೆ, ದೋಣಿಗಳು ಸಾಲಾಗಿ ಕಟ್ಟಿರುತ್ತವೆ, ಗಲಾಟೆ ಕಡಿಮೆ. ವಾಸನೆ, ಕಾಗೆ, ಬಲೆ ಹೆಣೆಯುವವರು ಎಲ್ಲ ಇರುತ್ತಾರೆ. ಬಂದರಿನ ನಾಯಿಗಳೂ ಇರುತ್ತವೆ, ಹಾಗಾಗಿ ಕಾರಿನಿಂದ ಇಳಿಸಬೇಡಿ. ಬಿಸಿಲೇ ಇರಲಿ, ಮಳೆಯೇ ಇರಲಿ, ಮರಿಯನ್ನು ಕಾರಿನಲ್ಲಿ ಒಂಟಿಯಾಗಿ ಬಿಟ್ಟು ಹೋಗುವುದು ಬೇಡ.

ನಾಯಿಗೆ ನಾಯಿಯ ಪರಿಚಯ

ಹತ್ತು ತುಂಟ ಮರಿಗಳಿಗಿಂತ ಶಾಂತ ಸ್ವಭಾವದ, ಲಸಿಕೆ ಸರಿಯಾಗಿ ಹಾಕಿಸಿದ ಒಂದು ದೊಡ್ಡ ನಾಯಿ ಹೆಚ್ಚು ಕಲಿಸುತ್ತದೆ. ಅದು ಮರಿಯ ಅತಿರೇಕಕ್ಕೆ ಒಮ್ಮೆ ಗುರ್ರೆಂದು, ಗಾಳಿಯಲ್ಲಿ ಹಲ್ಲು ಕಡಿದು ಬಿಡುತ್ತದೆ. ಮರಿ ಹಿಂದೆ ಸರಿದು ತಲೆ ತಗ್ಗಿಸುತ್ತದೆ. ಆ ಗದರಿಕೆ ಬೇಕು, ತಡೆಯಬೇಡಿ. ಅಟ್ಟಿಸಿಕೊಂಡು ಹೋಗಿ ನೆಲಕ್ಕೊತ್ತಿ ಹಿಡಿದರೆ ಮಾತ್ರ ಬೇರ್ಪಡಿಸಿ, ಆ ನಾಯಿಯನ್ನು ಮರಿಯ ಹತ್ತಿರ ಮತ್ತೆ ತರಬೇಡಿ.

ಭೇಟಿ ಯಾರ ಮನೆಯ ಗೇಟಿನಲ್ಲೂ ಬೇಡ. ಗೇಟು ನಾಯಿಗೆ ಗಡಿ. ಲಸಿಕೆಗಳು ಮುಗಿದ ನಾಯಿಯಾದರೆ ಇಬ್ಬರೂ ರಸ್ತೆಯ ಆಚೆ ಈಚೆ, 10–15 ಮೀಟರ್ ಅಂತರದಲ್ಲಿ, ಒಂದೇ ದಿಕ್ಕಿಗೆ ಐದು ಹತ್ತು ನಿಮಿಷ ನಡೆಯಿರಿ. ಎರಡೂ ನಾಯಿಗಳ ಮೈ ಸಡಿಲವಾಗಿದ್ದರೆ ಅಂತರ ಕಡಿಮೆ ಮಾಡುತ್ತ ಬನ್ನಿ. ಮೂಗಿಗೆ ಮೂಗು ತಾಗಿಸಿ ನೇರ ನಿಲ್ಲಿಸುವುದು ನಾಯಿಗಳ ಭಾಷೆಯಲ್ಲಿ ಒರಟುತನ. ಅವು ಬಿಲ್ಲಿನಂತೆ ಬಳಸಿ ಬಂದು ಪರಸ್ಪರ ಹಿಂಭಾಗ ಮೂಸುತ್ತವೆ. ಮೂರು ಸೆಕೆಂಡು ಮೂಸಿದ ಮೇಲೆ ಹೆಸರು ಹಿಡಿದು ಕರೆದು ಈಚೆ ತನ್ನಿ, ಮತ್ತೆ ಬಿಡಿ. ಲೀಶ್ ಆರಡಿ ಇರಲಿ, ಸಡಿಲವಾಗಿರಲಿ. ಬಿಗಿಯಾದ ಲೀಶ್ ಕುತ್ತಿಗೆಯನ್ನು ಎತ್ತಿ ನಿಲ್ಲಿಸುತ್ತದೆ, ಎದುರಿನ ನಾಯಿಗೆ ಅದು ಸವಾಲು ಹಾಕಿದ ನಿಲುವಾಗಿ ಕಾಣುತ್ತದೆ. ‘ಇಷ್ಟು ಹೊತ್ತು ಚೆನ್ನಾಗಿತ್ತು, ಹತ್ತಿರ ಬಂದ ಕೂಡಲೇ ಜಗಳ’ ಎನ್ನುವವರು ಮೊದಲು ತಮ್ಮ ಕೈಯ ಬಿಗಿತ ನೋಡಿಕೊಳ್ಳಲಿ. ಎಳೆದರೆ ಕುತ್ತಿಗೆ ಬಿಗಿಯುವ ಚೋಕ್ ಚೈನು ಬೇಡವೇ ಬೇಡ. ಬೇರೆ ನಾಯಿ ಕಂಡಾಗಲೆಲ್ಲ ಕುತ್ತಿಗೆ ನೋಯುತ್ತದೆ ಎಂದು ನಾಯಿ ಕಲಿತರೆ ತಪ್ಪು ನಾಯಿಯದ್ದಲ್ಲ. ಎದೆಗೆ ಹಾಕುವ ಹಾರ್ನೆಸ್ ಸಾಕು.

ಆಟ ಸರಿಯಾಗಿದೆಯೋ ಇಲ್ಲವೋ ಎಂಬುದಕ್ಕೆ ಗುರುತು: ಮುಂಗಾಲು ಚಾಚಿ ಹಿಂಭಾಗ ಎತ್ತಿ ಕರೆಯುವುದು, ಆಗಾಗ ತಾನಾಗಿ ನಿಲ್ಲುವುದು, ಓಡಿಸಿದ್ದು ಓಡಿಸಿಕೊಳ್ಳುವುದು. ದೊಡ್ಡದು ತಾನೇ ಬೆನ್ನಡಿಯಾಗಿ ಬೀಳುವುದೂ ಉಂಟು. ಒಂದೇ ನಾಯಿ ಯಾವಾಗಲೂ ಮೇಲೆ ಇದ್ದರೆ ಅದನ್ನು ಹಿಡಿದುಕೊಳ್ಳಿ. ಕೆಳಗಿದ್ದದ್ದು ತಿರುಗಿ ಆಟಕ್ಕೆ ಬಂದರೆ ಅದು ಆಟ. ತಪ್ಪಿಸಿಕೊಂಡು ಹೋದರೆ ಅಲ್ಲ.

ಬೀದಿನಾಯಿಗಳ ವಿಷಯ ಬೇರೆ. ಪಣಂಬೂರು, ಮಲ್ಪೆ ಕಡಲತೀರಗಳಲ್ಲೂ ಒಂದೊಂದು ಗುಂಪಿಗೆ ಒಂದೊಂದು ಜಾಗ ಎಂದಿರುತ್ತದೆ. ನಿಮ್ಮ ನಾಯಿ ಅಲ್ಲಿ ಆಗಂತುಕ. ಅವುಗಳಿಗೆ ಅನ್ನ ಹಾಕುವ ಹೊತ್ತು ತಿಳಿದುಕೊಂಡು ಆ ಸಮಯ ತಪ್ಪಿಸಿ. ಕಿವಿಯ ತುದಿ ಕತ್ತರಿಸಿದ ಗುರುತಿದ್ದರೆ ಸಂತಾನಹರಣ ಆಗಿದೆ, ಆಗ ರೇಬಿಸ್ ಲಸಿಕೆಯನ್ನೂ ಹಾಕಿರುತ್ತಾರೆ. ಆದರೆ ಆ ಲಸಿಕೆಯ ಅವಧಿ ಮುಗಿದಿರಬಹುದು. ಗುಂಪು ಬಂದರೆ ಓಡಬೇಡಿ, ಕಲ್ಲು ಎತ್ತಬೇಡಿ. ನಿಮ್ಮ ನಾಯಿಯನ್ನು ಹಿಂದೆ ಮಾಡಿಕೊಂಡು, ಕೈಯಲ್ಲಿರುವ ಕೊಡೆಯನ್ನು ಅವುಗಳ ಕಡೆಗೆ ಬಿಚ್ಚಿ ಗುರಾಣಿಯಂತೆ ಹಿಡಿದು ಹಿಂದೆ ಹಿಂದೆ ಸರಿಯಿರಿ. ಜಗಲಿಯ ಕೊಡೆಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ, ನಿಮ್ಮ ನಾಯಿ ಬೆದರುವುದಿಲ್ಲ. ಒಂದು ಹಿಡಿ ತಿಂಡಿಯನ್ನು ಅವುಗಳ ಹಿಂದಕ್ಕೆ ಎಸೆದರೂ ಒಂದರ್ಧ ನಿಮಿಷ ಸಿಗುತ್ತದೆ.

ಯಾವ ನಾಯಿ ಕಚ್ಚಿದರೂ, ಪರಚಿದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ವೈದ್ಯರನ್ನು ಕಾಣಿ. ಅರಸಿನ, ಸುಣ್ಣ, ಕಾಫಿಪುಡಿ ಹಚ್ಚಬೇಡಿ. ನಿಮ್ಮ ನಾಯಿಗೆ ಕಚ್ಚಿದರೂ ಪಶುವೈದ್ಯರ ಬಳಿ ಹೋಗುವುದು ಅಷ್ಟೇ ಅವಸರದ್ದು.

ಕಡಲತೀರಕ್ಕೆ ಒಯ್ಯುವುದಾದರೆ ಭಾನುವಾರದ ಸಂಜೆಯ ಜಂಗುಳಿ ಬೇಡ, ವಾರದ ನಡುವೆ ಬೆಳಿಗ್ಗೆ ಏಳರೊಳಗೆ ಹೋಗಿ. ಕೈರಂಪಣಿ ಬಲೆಯನ್ನು ದಡಕ್ಕೆ ಎಳೆದ ಜಾಗದಲ್ಲಿ ಬಿಟ್ಟುಹೋದ, ಹೊಟ್ಟೆ ಉಬ್ಬಿಸುವ ಮೀನನ್ನು ನಾಯಿ ಬಾಯಿಗೆ ಹಾಕಿದರೆ ಜೀವಕ್ಕೇ ಅಪಾಯ, ಅದರ ವಿಷಕ್ಕೆ ಪ್ರತಿವಿಷವಿಲ್ಲ. ಸಮುದ್ರದ ನೀರು ಕುಡಿದರೆ ವಾಂತಿ ಭೇದಿ. ಕುಡಿಯುವ ನೀರು ಒಯ್ಯಲು ಮರೆಯಬೇಡಿ.

ಮನೆಯ ಕಾವಲು ಕೆಡುತ್ತದೆಯೇ

‘ಎಲ್ಲರಿಗೂ ರೂಢಿ ಮಾಡಿಸಿದರೆ ಕಾವಲು ಯಾರು ಕಾಯುವುದು?’ ತೋಟದ ನಡುವಿನ ಒಂಟಿಮನೆಗಳವರು ಕೇಳುವ ಈ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೀಗೆ. ಗೇಟಿನಲ್ಲಿ ಸದ್ದಾದರೆ ಎಚ್ಚರಿಸುವುದು ನಾಯಿಗೆ ಹುಟ್ಟಿನಿಂದಲೇ ಬರುತ್ತದೆ, ರೂಢಿ ಮಾಡಿಸಿದರೆ ಅದು ಹೋಗುವುದಿಲ್ಲ. ಹೋಗುವುದು ಭಯ. ಭಯದ ನಾಯಿಗೆ ಕಳ್ಳನೂ ಒಂದೇ, ಮದುವೆಯ ಕರೆಯೋಲೆ ಕೊಡಲು ಬಂದವರೂ ಒಂದೇ. ಹಗಲೆಲ್ಲ ಗೂಡಿನಲ್ಲಿ ಹಾಕಿ ರಾತ್ರಿ ಮಾತ್ರ ಬಿಡುವ ನಾಯಿಯ ಲೋಕದಲ್ಲಿ ಅಪರಿಚಿತರೆಂದರೆ ಗೂಡಿನ ಸರಳಿನಾಚೆ ಹಾದುಹೋಗುವ ನೆರಳುಗಳು. ಅದು ಬೊಗಳುತ್ತದೆ, ಅವರು ಹೋಗುತ್ತಾರೆ, ಬೊಗಳಿದ್ದರಿಂದಲೇ ಹೋದರೆಂದು ಅದು ನಂಬುತ್ತದೆ. ದಿನಕ್ಕೆ ಹತ್ತು ಸಲ ಈ ಅಭ್ಯಾಸ ನಡೆದ ಮೇಲೆ ಒಂದು ದಿನ ಚಿಲಕ ಸಡಿಲವಾಗಿರುತ್ತದೆ. ಆ ದಿನ ಕಚ್ಚಿಸಿಕೊಳ್ಳುವುದು ಹೆಚ್ಚಾಗಿ ಪಕ್ಕದ ಮನೆಯ ಮಗು.

ಗಲ್ಫ್‌ನಲ್ಲೋ ಮುಂಬೈಯಲ್ಲೋ ಇರುವ ಮನೆಯವರು ವರ್ಷಕ್ಕೊಮ್ಮೆ ಬಂದಾಗ ‘ನಮ್ಮ ಮನೆಯ ನಾಯಿಯೇ ಅಲ್ಲವೇ’ ಎಂದು ರಾತ್ರಿ ಹನ್ನೆರಡಕ್ಕೆ ನೇರ ಗೇಟು ತೆಗೆದು ಒಳಬರುವುದೂ ಇದೇ ಕಾರಣಕ್ಕೆ ಅಪಾಯ. ನಾಯಿಗೆ ಅವರು ಯಾರೋ. ನಾಯಿಯನ್ನು ಲೀಶಿನಲ್ಲಿ ಗೇಟಿನ ಹೊರಗೆ ತನ್ನಿ, ರಸ್ತೆಯಲ್ಲಿ ಜೊತೆಯಾಗಿ ನೂರು ಹೆಜ್ಜೆ ನಡೆಯಿರಿ, ಬಂದವರು ನಾಲ್ಕು ತುಣುಕು ನೆಲಕ್ಕೆ ಹಾಕಲಿ, ಆಮೇಲೆ ನಾಯಿಯನ್ನು ಮೊದಲು ಬಿಟ್ಟು ಹಿಂದಿನಿಂದ ಎಲ್ಲರೂ ಒಳಗೆ ಬನ್ನಿ. ಪೆಟ್ಟಿಗೆಗಳು ಕೊನೆಗೆ ಬರಲಿ.

ಗುರ್ರೆಂದಿದ್ದಕ್ಕೆ ಹೊಡೆಯುವುದು ಇದಕ್ಕಿಂತ ದೊಡ್ಡ ತಪ್ಪು. ಗುರ್ರೆನ್ನುವುದು ‘ಹತ್ತಿರ ಬರಬೇಡಿ’ ಎಂಬ ಮಾತು. ಮಾತನ್ನು ಹೊಡೆದು ನಿಲ್ಲಿಸಿದರೆ ಭಯ ನಿಲ್ಲುವುದಿಲ್ಲ, ಮುಂದಿನ ಸಲ ಮಾತಿಲ್ಲದೆ ಹಲ್ಲು ಬರುತ್ತದೆ.

ಕಲಿಕೆಯ ಆ ಅವಧಿ ಮೀರಿದ ನಾಯಿ ಈಗಾಗಲೇ ಮನೆಯಲ್ಲಿದ್ದರೆ ಕೈಬಿಡಬೇಡಿ, ಆದರೆ ಗುರಿ ಬದಲಿಸಿ. ಎರಡು ವರ್ಷದ ನಾಯಿಯನ್ನು ಎಲ್ಲರೊಡನೆ ಆಡುವಂತೆ ಮಾಡಲು ಆಗದಿರಬಹುದು, ಎಲ್ಲರನ್ನೂ ಕಂಡು ಸುಮ್ಮನಿರುವಂತೆ ಮಾಡಬಹುದು. ಅದು ಜನರನ್ನು ನೋಡಿಯೂ ತಿಂಡಿ ತಿನ್ನಬಲ್ಲ ದೂರ ಎಷ್ಟು ಎಂದು ಮೊದಲು ಹುಡುಕಿ. ಇಪ್ಪತ್ತು ಮೀಟರ್ ಇರಬಹುದು, ನಲವತ್ತೂ ಇರಬಹುದು. ಅಲ್ಲಿ ನಿಂತು ಜನ ಕಂಡ ಕೂಡಲೇ ತುಣುಕು, ಮರೆಯಾದ ಕೂಡಲೇ ನಿಲ್ಲಿಸಿ. ವಾರಕ್ಕೆ ಮೂರು ಸಲ, ಒಂದು ಸಲಕ್ಕೆ ಹತ್ತು ನಿಮಿಷ. ಜನರನ್ನು ಕಂಡು ಅದು ತಾನಾಗಿ ನಿಮ್ಮ ಮುಖ ನೋಡತೊಡಗಿದ ಮೇಲೆ ಎರಡು ಮೀಟರ್ ಮಾತ್ರ ಹತ್ತಿರ ಹೋಗಿ. ತಿಂಗಳುಗಳೇ ಹಿಡಿಯುತ್ತವೆ. ಕಚ್ಚಿದ ಇತಿಹಾಸವಿದ್ದರೆ ಬುಟ್ಟಿಯಾಕಾರದ ಬಾಯಿಕುಕ್ಕೆ ಅಭ್ಯಾಸ ಮಾಡಿಸಿ. ಅದರೊಳಗೆ ನಾಯಿ ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗಬೇಕು. ನಮ್ಮ ಸೆಕೆಯಲ್ಲಿ ಬಾಯಿ ಬಿಗಿಯುವ ಬಟ್ಟೆಪಟ್ಟಿ ಹಾಕಿ ನಡೆಸಿದರೆ ಉಷ್ಣಾಘಾತವಾಗಬಹುದು. ಜನಕ್ಕೆ ರೂಢಿಯಾಗಲಿ ಎಂದು ಇಂಥ ನಾಯಿಯನ್ನು ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವಕ್ಕೆ ಉಡುಪಿಯ ರಥಬೀದಿಗೆ, ದಸರಾ ಮೆರವಣಿಗೆಗೆ ಎಳೆದುಕೊಂಡು ಹೋಗುವುದು ಈಜು ಬಾರದವನನ್ನು ಆಟಿಯ ನೇತ್ರಾವತಿಗೆ ದೂಡಿದ ಹಾಗೆ.

ಇನ್ನು ಸದ್ದು. ಪತ್ತನಾಜೆಯ ಮರಿ ಚೆಂಡೆ, ತಾಸೆ, ಗರ್ನಾಲು ಸಿಡಿಮದ್ದು ಒಂದನ್ನೂ ಕೇಳದೆ ಬೆಳೆಯುತ್ತದಲ್ಲ, ಅದಕ್ಕೆ ಊಟದ ಹೊತ್ತಿನಲ್ಲಿ ಪಕ್ಕದ ಕೋಣೆಯಿಂದ ಧ್ವನಿಮುದ್ರಣ ಕೇಳಿಸಿ. ಮೊಬೈಲಿನ ಕನಿಷ್ಠ ಸದ್ದಿನಿಂದ ಶುರು ಮಾಡಿ. ಕಿವಿ ತಿರುಗಿಸಿ ಮತ್ತೆ ಊಟಕ್ಕೆ ಬಾಯಿ ಹಾಕಿದರೆ ಸರಿ, ಊಟ ಬಿಟ್ಟರೆ ಹೆಚ್ಚಾಯಿತು. ಎರಡು ಮೂರು ದಿನಕ್ಕೊಮ್ಮೆ ಒಂದು ಹಂತ ಏರಿಸಿ. ಮೊಬೈಲ್ ಸ್ಪೀಕರಿನಲ್ಲಿ ಚೆಂಡೆಯ ತಳಸದ್ದು, ಗರ್ನಾಲಿನಿಂದ ನೆಲ ಅದುರುವುದು ಬರುವುದಿಲ್ಲ. ಹಾಗಾಗಿ ಇದೊಂದೇ ಸಾಲದು. ಅಷ್ಟಮಿಗೆ ಮೊದಲು ಹುಲಿವೇಷದ ತಂಡಗಳು ಅಭ್ಯಾಸ ಮಾಡುವಲ್ಲಿಗೆ, ಇನ್ನೂರು ಮೀಟರ್ ಆಚೆಯವರೆಗೆ ಒಯ್ದು ಐದು ನಿಮಿಷ ನಿಂತು ಬನ್ನಿ.

ದೀಪಾವಳಿಗೆ ಆ ಮರಿ ಏಳು ತಿಂಗಳಿನದ್ದಾಗಿರುತ್ತದೆ. ಆರರಿಂದ ಹದಿನಾಲ್ಕು ತಿಂಗಳ ಹರೆಯದಲ್ಲಿ ಧೈರ್ಯವಿದ್ದ ನಾಯಿಯಲ್ಲೂ ಮತ್ತೆ ಅಂಜಿಕೆ ಕಾಣಿಸಿಕೊಳ್ಳಬಹುದು. ಕಲಿತದ್ದೆಲ್ಲ ಹೋಯಿತೆಂದು ಕೈಚೆಲ್ಲದೆ, ದೂರ ಹೆಚ್ಚಿಸಿ ಮತ್ತೆ ಮೊದಲಿನ ಪಾಠಗಳನ್ನೇ ಮಾಡಿ. ಹಬ್ಬದ ಸಂಜೆ ಐದಕ್ಕೇ ನಡಿಗೆ ಮುಗಿಸಿ, ಹೊಟ್ಟೆತುಂಬ ಹಾಕಿ, ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಫ್ಯಾನ್, ಟಿವಿ ಹಾಕಿ ಜೊತೆಗೆ ಒಬ್ಬರು ಇರಿ. ಸಿಡಿದ ಪ್ರತಿ ಸಲವೂ ಕೋಳಿ ತುಣುಕು. ನಡುಗಿದರೆ ಹತ್ತಿರ ಕೂರಿಸಿಕೊಂಡು ಸವರಿ, ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಎಂಬುದು ತಪ್ಪು ಕಲ್ಪನೆ. ಭಯ ತೀವ್ರವಾಗಿದ್ದರೆ ಮದ್ದಿನ ಬಗ್ಗೆ ಪಶುವೈದ್ಯರೊಡನೆ ಎರಡು ವಾರ ಮೊದಲೇ ಮಾತಾಡಿ. ಅಸಿಪ್ರೊಮಜಿನ್ ಎಂಬ ಹಳೆಯ ಮಾತ್ರೆ ಮೈಯನ್ನು ಮಂಪರಾಗಿಸುತ್ತದೆ, ಭಯವನ್ನು ಕಡಿಮೆ ಮಾಡುವುದಿಲ್ಲ, ಅದೊಂದನ್ನೇ ನೆಚ್ಚಬೇಡಿ. ನಾಯಿಯ ಕುತ್ತಿಗೆಯ ಬೆಲ್ಟಿನಲ್ಲಿ ನಿಮ್ಮ ಫೋನ್ ನಂಬರಿನ ಬಿಲ್ಲೆ ಇರಲಿ, ಬೆದರಿದ ನಾಯಿ ಆವರಣಗೋಡೆ ಹಾರಿದರೆ ಕಿಲೋಮೀಟರುಗಟ್ಟಲೆ ಓಡುತ್ತದೆ. ಮರುದಿನ ಬೆಳಿಗ್ಗೆ ನಡೆಯುವ ದಾರಿಯಲ್ಲಿ ಸಿಡಿಯದ ಪಟಾಕಿ ಬಿದ್ದಿರುತ್ತವೆ. ಮೂಸಲು, ನೆಕ್ಕಲು ಬಿಡಬೇಡಿ, ಆ ಮದ್ದಿನ ಹುಡಿ ಹೊಟ್ಟೆಗೆ ಹೋದರೆ ವಿಷ.